ಸ್ಕಿಮ್ಮರ್ ಕೊಳ್ಳುವವರೇ, ಪಂಪಿನ ಮೇಲಿನ ಸ್ಟಿಕ್ಕರ್ ಕಿತ್ತು ನೋಡಿ: 60 ಹರ್ಟ್ಜ್ ಮಾಲು ಇಲ್ಲಿ ಮಾರುತ್ತಿದ್ದಾರೆ

ಉಪ್ಪುನೀರಿನ ಟ್ಯಾಂಕ್ ಇಟ್ಟಿರುವವರು, ಇಡಬೇಕು ಅಂದುಕೊಂಡವರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಿನಲ್ಲಿ "ಇಂಪೋರ್ಟೆಡ್ ಪೀಸ್" ಅಂತ 24,000 ರೂಪಾಯಿಗೆ ನನಗೆ ಕೊಟ್ಟ ಪ್ರೋಟೀನ್ ಸ್ಕಿಮ್ಮರಿನ (ನೀರಿಗೆ ಸಣ್ಣ ಗಾಳಿಗುಳ್ಳೆ ಬಿಟ್ಟು ಕೊಳೆಯನ್ನು ನೊರೆಯಾಗಿ ತೆಗೆಯುವ ಯಂತ್ರ) ಪಂಪು ಅಮೆರಿಕದ ಕರೆಂಟಿಗೆ ಮಾಡಿದ್ದು. 120 ವೋಲ್ಟ್, 60 ಹರ್ಟ್ಜ್. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಜ್. ಇದು ಗೊತ್ತಾಗಬಾರದು ಅಂತ ವೋಲ್ಟ್, ಹರ್ಟ್ಜ್ ಅಚ್ಚಾಗಿರುವ ಪಂಪಿನ ಪ್ಲೇಟಿನ ಮೇಲೆ ಅಂಗಡಿಯ ವಾರಂಟಿ ಸ್ಟಿಕ್ಕರ್ ಅಂಟಿಸಿದ್ದರು. "ಬೆಂಗಳೂರಲ್ಲಿ ವೋಲ್ಟೇಜ್ ಏರುಪೇರು ಜಾಸ್ತಿ, ಸ್ಟೆಬಿಲೈಜರ್ ಫ್ರೀ" ಅಂತ ಒಂದು ಬೂದು ಡಬ್ಬವನ್ನೂ ಕೊಟ್ಟರು. ಪಂಪಿನ ವೈರನ್ನು ಆ ಡಬ್ಬದೊಳಗೇ ಸೇರಿಸಿ ಸ್ಕ್ರೂ ಬಿಗಿದಿದ್ದರು. ಒಳಗಿದ್ದದ್ದು 230 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್. ಅಂಗಡಿ ಹೆಸರು ಹಾಕುತ್ತಿಲ್ಲ, ದೂರು ನಡೆಯುತ್ತಿದೆ. ಆದರೆ ಏನೇನು ಮಾಡಿದರು, ಏನೇನು ಹೇಳಿದರು, ಅದನ್ನೆಲ್ಲ ಬರೆಯುತ್ತೇನೆ.

ಟ್ಯಾಂಕು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ. 340 ಲೀಟರ್, ಕೆಳಗಿನ ಸಂಪ್ (ಸ್ಕಿಮ್ಮರ್, ಪಂಪು ಇಡುವ ಎರಡನೇ ತೊಟ್ಟಿ) ಸೇರಿದರೆ 400ರ ಹತ್ತಿರ. ಸ್ಕಿಮ್ಮರ್ ಬಾಕ್ಸಿನ ಮೇಲೆ 800 ಲೀಟರ್‌ವರೆಗೆ ಅಂತಿತ್ತು. ದುಪ್ಪಟ್ಟು ತಗೊಳ್ಳುವುದೇ ಸರಿ, ಯಾಕೆಂದರೆ ಬಾಕ್ಸಿನ ಅಂಕಿ ಮೀನು ಕಡಿಮೆ ಇರುವ ಟ್ಯಾಂಕಿನ ಲೆಕ್ಕ. ಜೋಡಣೆಯಲ್ಲಿ ಒಂದು ಕೊರತೆಯೂ ಇರಲಿಲ್ಲ. ಬಾಡಿ, ಕೊಳೆ ನೊರೆ ಬಂದು ಬೀಳುವ ಮೇಲಿನ ಕಪ್ಪು (ಕಪ್) ಎರಡನ್ನೂ ವಿನೆಗರ್ ಬೆರೆಸಿದ ನೀರಲ್ಲಿ ತೊಳೆದದ್ದಾಯಿತು. ಮ್ಯಾನ್ಯುಯಲ್ ಹೇಳುವುದು 18ರಿಂದ 22 ಸೆಂಟಿಮೀಟರ್ ನೀರು, ಸಂಪಿನ ಸ್ಕಿಮ್ಮರ್ ಖಾನೆಯಲ್ಲಿ 20 ಇತ್ತು. ಆ ಖಾನೆಗೆ ಗಾಜಿನ ತಡೆ ಇದೆ, ನೀರು ಆವಿಯಾದರೆ ಇಳಿಯುವುದು ನೀರನ್ನು ಮೇಲಿನ ಟ್ಯಾಂಕಿಗೆ ಕಳಿಸುವ ರಿಟರ್ನ್ ಪಂಪಿನ ಖಾನೆಯಲ್ಲಿ ಮಾತ್ರ, ಸ್ಕಿಮ್ಮರಿನ ಮಟ್ಟ ಅಲ್ಲಾಡುವುದಿಲ್ಲ. ಸ್ಕಿಮ್ಮರಿನಿಂದ ನೀರು ಹೊರಹೋಗುವ ಗೇಟ್ ವಾಲ್ವ್ ಪೂರ್ತಿ ತೆರೆದು ಶುರು ಮಾಡಿ, ನೊರೆಯ ಗೆರೆ ಕುತ್ತಿಗೆಯ ಬುಡಕ್ಕೆ ಬರುವವರೆಗೆ ಸ್ವಲ್ಪ ಸ್ವಲ್ಪವೇ ಮುಚ್ಚಬೇಕು. ಹಾಗೇ ಮಾಡಿದ್ದು.

ಕಪ್ಪಿಗೆ ಏನೂ ಬರಲಿಲ್ಲ. ವಾಲ್ವ್ ಇನ್ನೊಂದು ಸುತ್ತು ಮುಚ್ಚಿದರೆ ಕಪ್ಪು ತುಂಬ ಬರೀ ತಿಳಿನೀರು. ಸರಿಯಾಗಿ ಓಡುವ ಸ್ಕಿಮ್ಮರಿನ ಬಾಡಿ ಕೆಳಗಿಂದ ಮೇಲಿನವರೆಗೆ ಹಾಲಿನಂತೆ ಬೆಳ್ಳಗಿರಬೇಕು. ಇದರಲ್ಲಿ ಕೆಳಗಿನ ಅರ್ಧ ಮಾತ್ರ ಬಿಳಿ. ಮೇಲೆ ದಪ್ಪ ದಪ್ಪ ಗುಳ್ಳೆ ಬಂದು ಒಡೆಯುತ್ತಿದ್ದವು.

ಈಗ ಅಂಗಡಿಯವರ ಉತ್ತರಗಳು. ಇದನ್ನೇ ನೀವು ಗಮನವಿಟ್ಟು ಓದಬೇಕು.

ಮೊದಲು: "ಹೊಸ ಸ್ಕಿಮ್ಮರ್ ಮೇಡಂ, ಬ್ರೇಕ್-ಇನ್ ಆಗಬೇಕು, ಎರಡು ವಾರ ಬಿಡಿ." ಬ್ರೇಕ್-ಇನ್ ಅನ್ನುವುದು ನಿಜವೇ. ಹೊಸ ಅಕ್ರಿಲಿಕ್ ಮೇಲೆ ಕಾರ್ಖಾನೆಯ ಜಿಡ್ಡು ಇರುತ್ತದೆ, ಅದು ಹೋಗಿ ಒಳಗೋಡೆಗೆ ತೆಳು ಲೋಳೆ ಕಟ್ಟುವವರೆಗೆ ನೊರೆ ನಿಲ್ಲುವುದಿಲ್ಲ. ಕೆಲವು ದಿನದಿಂದ ಎರಡು ವಾರ ಹಿಡಿಯಬಹುದು. ಆ ನಿಜವನ್ನೇ ಸುಳ್ಳಿಗೆ ಮುಸುಕು ಮಾಡಿಕೊಂಡರು. ಬ್ರೇಕ್-ಇನ್ ಸಮಯದಲ್ಲಿ ನಿಲ್ಲದಿರುವುದು ನೊರೆ, ಗಾಳಿಯಲ್ಲ. ಪಂಪು ಎಳೆಯುವ ಗಾಳಿ ಮೊದಲ ದಿನದಿಂದಲೇ ಪೂರ್ತಿ ಇರಬೇಕು. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಗಾಳಿ ಮೊದಲ ದಿನದಿಂದಲೇ ಇರಬೇಕು.

ಆಮೇಲೆ: "ನಿಮ್ಮ ಉಪ್ಪು ಕಡಿಮೆ ಇರಬೇಕು." ಸಿಹಿನೀರಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ ಒಡೆಯುತ್ತವೆ, ಉಪ್ಪುನೀರಲ್ಲಿ ಸಣ್ಣದಾಗಿಯೇ ಉಳಿಯುತ್ತವೆ, ಪ್ರೋಟೀನು ಜಿಡ್ಡು ಅವುಗಳ ಮೈಗೆ ಅಂಟಿ ಮೇಲೇರುತ್ತದೆ. ಹಾಗಾಗಿ ಕೇಳಿದ್ದು ತಪ್ಪಲ್ಲ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನ ಫೋಟೋ ಕಳಿಸಿದ್ದಾಯಿತು, 35 ಪಿಪಿಟಿ (ಸಾವಿರಕ್ಕೆ 35 ಪಾಲು), ಸಮುದ್ರದಷ್ಟೇ. ಅದಕ್ಕೆ ಉತ್ತರವೇ ಇಲ್ಲ.

ಆಮೇಲೆ: "ಎಪಾಕ್ಸಿ, ವಾಟರ್ ಕಂಡಿಷನರ್ ಏನಾದ್ರೂ ಹಾಕಿದ್ರಾ?" ಹಾಕಿರಲಿಲ್ಲ. ಹಾಕಿದ್ದರೂ ಆಗುವುದು ಉಲ್ಟಾ, ನೊರೆ ಉಕ್ಕಿ ಕಪ್ಪು ಗಂಟೆಗಟ್ಟಲೆ ತುಂಬಿ ಹರಿಯುತ್ತದೆ. ನೊರೆ ಕುಸಿಯುವುದು ಎಣ್ಣೆ ಅಂಶದ ಫುಡ್ ಹಾಕಿದಾಗ, ಕೈಯ ಲೋಷನ್ ನೀರಿಗೆ ಸೇರಿದಾಗ. ಅದೂ ಸ್ವಲ್ಪ ಹೊತ್ತು, ಆಮೇಲೆ ತಾನೇ ಸರಿಹೋಗುತ್ತದೆ. ದಿನವೂ ಸ್ಕಿಮ್ಮರ್ ಮಾರುವವರಿಗೆ ಇಷ್ಟು ಗೊತ್ತಿಲ್ಲವೇ?

ಆಮೇಲೆ ಬಂತು ನೋಡಿ: "ಮನೇಲಿ ಯಾರಾದ್ರೂ ಗಂಡಸರಿದ್ರೆ ಫೋನ್ ಕೊಡಿ ಮೇಡಂ, ಅವರಿಗೆ ಹೇಳ್ತೀನಿ." ಇದಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಹಾಗೇ ಬರೆದಿದ್ದೇನೆ, ಓದಿಕೊಳ್ಳಿ.

ಅಲ್ಲಿಗೆ ಮಾತು ಬಿಟ್ಟು ಅಳತೆ ಹಿಡಿಯುವುದೇ ಸರಿ ಅನ್ನಿಸಿತು. ಲ್ಯಾಬ್ ಸಾಮಾನು ಮಾರುವವರಲ್ಲಿ ಗಾಳಿಯ ಹರಿವು ಅಳೆಯುವ ರೋಟಾಮೀಟರ್ ಸಿಗುತ್ತದೆ, ನಿಮಿಷಕ್ಕೆ 15 ಲೀಟರ್‌ವರೆಗೆ ತೋರಿಸುವುದು ಸಾಕು. ಸೈಲೆನ್ಸರ್ ತೆಗೆದು ಗಾಳಿ ಪೈಪಿನ ತುದಿಗೆ ಸಿಕ್ಕಿಸಿ, ನೆಟ್ಟಗೆ ಹಿಡಿದು ಓದಬೇಕು. ಮೀಟರಿನಿಂದಲೂ ಸ್ವಲ್ಪ ತಡೆಯಾಗುತ್ತದೆ, ಅಷ್ಟು ವ್ಯತ್ಯಾಸ ಇಟ್ಟುಕೊಂಡೇ ಓದಿ. ಬಾಕ್ಸಿನ ಮೇಲೆ ಗಂಟೆಗೆ 600 ಲೀಟರ್ ಗಾಳಿ, ಅಂದರೆ ನಿಮಿಷಕ್ಕೆ 10. ಮೀಟರಿನ ಗುಂಡು 6 ದಾಟಲಿಲ್ಲ. ವೆಂಚುರಿಯಲ್ಲಿ (ಪಂಪು ಗಾಳಿ ಎಳೆದುಕೊಳ್ಳುವ ಕಿರಿದಾದ ಬಾಯಿ) ಉಪ್ಪು ಕಟ್ಟಿರಬಹುದು ಅಂತ ಬಿಸಿ ಆರ್‌ಒ ನೀರು ಎಳೆಸಿದರೂ ಅಷ್ಟೇ. ಪಂಪಿನ ಮುಂಭಾಗ ಬಿಚ್ಚಿದರೆ ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಕತ್ತರಿಸುವ ನೀಡಲ್ ವೀಲಿನ ಒಂದು ಮುಳ್ಳೂ ಮುರಿದಿಲ್ಲ, ರೋಟರ್ ಸಲೀಸಾಗಿ ತಿರುಗುತ್ತದೆ. ಪಂಪಿನ ಮೈ ಮಾತ್ರ ನೀರೊಳಗಿದ್ದೂ ಸುಡುತ್ತಿತ್ತು.

ಉಳಿದದ್ದು ಪ್ಲೇಟ್ ಒಂದೇ. ಅದರ ಮೇಲೆ ಸ್ಟಿಕ್ಕರ್, "ತೆಗೆದರೆ ವಾರಂಟಿ ಇಲ್ಲ". ತುದಿ ಹಿಡಿದು ಎಳೆದರೆ ಕೆಳಗೆ ಅಚ್ಚಾಗಿತ್ತು: 120 ವೋಲ್ಟ್, 60 ಹರ್ಟ್ಜ್. ಇಡೀ ಪಂಪಿನಲ್ಲಿ ಅಂಟಿಸಲು ಬೇಕಾದಷ್ಟು ಜಾಗ ಇತ್ತು. ಅಂಟಿಸಿದ್ದು ಮಾತ್ರ ಆ ಎರಡು ಅಂಕಿಯ ಮೇಲೆ, ಸರಿಯಾಗಿ ಅದರ ಮೇಲೆ. ಹೊಟ್ಟೆ ಉರಿಯಿತು. ದುಡ್ಡಿಗಿಂತ ಹೆಚ್ಚಾಗಿ, ಉಪ್ಪು ಸರಿಯಿಲ್ಲ, ತಾಳ್ಮೆ ಇಲ್ಲ, ತಿಳಿಯುವುದಿಲ್ಲ ಅಂತ ಅಷ್ಟು ದಿನ ಅನ್ನಿಸಿಕೊಂಡದ್ದಕ್ಕೆ.

ಫೋಟೋ ಕಳಿಸಿದಾಗ ಬಂದ ಉತ್ತರ ಇದು: "50 ಆದ್ರೇನು 60 ಆದ್ರೇನು ಮೇಡಂ, ಕರೆಂಟ್ ಕರೆಂಟೇ. ಅದಕ್ಕೇ ತಾನೆ ಸ್ಟೆಬಿಲೈಜರ್ ಕೊಟ್ಟಿರೋದು?"

ಅದಕ್ಕೇ ತಾನೆ! ಅಂದರೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೇ ಆ ಡಬ್ಬ ಕೊಟ್ಟದ್ದು, ಗೊತ್ತಿದ್ದೇ ಎರಡು ವಾರ ಕಾಯಿರಿ ಅಂದದ್ದು.

50 ಆದರೆ ಏನಾಗುತ್ತದೆ ಅಂದರೆ ಇದು. ಎಸಿ ಸ್ಕಿಮ್ಮರ್ ಪಂಪಿನ ರೋಟರ್ ಮ್ಯಾಗ್ನೆಟ್, ಅದು ಕರೆಂಟಿನ ಹರ್ಟ್ಜ್ ಜೊತೆಗೇ ತಿರುಗುತ್ತದೆ. 60ರಲ್ಲಿ ನಿಮಿಷಕ್ಕೆ 3600 ಸುತ್ತು, 50ರಲ್ಲಿ 3000. ವೋಲ್ಟೇಜ್ ಏನೇ ಮಾಡಿದರೂ ಈ ಸುತ್ತು ಹೆಚ್ಚುವುದಿಲ್ಲ, ಟ್ರಾನ್ಸ್‌ಫಾರ್ಮರ್ ಹರ್ಟ್ಜ್ ಬದಲಿಸುವುದಿಲ್ಲ. ವೇಗ ಆರರಲ್ಲಿ ಐದು ಪಾಲಿಗೆ ಇಳಿದರೆ ಪಂಪಿನ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ ನೂರಕ್ಕೆ 69. ವೆಂಚುರಿಯ ಎಳೆತವೂ ಅದರ ಜೊತೆಗೇ ಬೀಳುತ್ತದೆ. ಗಾಳಿ ಕಡಿಮೆ, ಗುಳ್ಳೆ ದಪ್ಪ, ನೊರೆ ಇಲ್ಲ. ಇದಕ್ಕೇ ಹಲವು ಕಂಪನಿಗಳು ಎರಡು ಬಗೆಯ ಕರೆಂಟಿಗೆ ಬೇರೆ ಬೇರೆ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಮಾಡುವುದು. ಮೇಲಾಗಿ ಅಷ್ಟೇ ವೋಲ್ಟಿಗೆ ಹರ್ಟ್ಜ್ ಕಡಿಮೆಯಾದರೆ ಕಾಯಿಲ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಆ ಶಾಖವೆಲ್ಲ ಟ್ಯಾಂಕಿನ ನೀರಿಗೆ. 26 ಡಿಗ್ರಿಯಲ್ಲಿ ಹಿಡಿದಿಡಲು ಬೇಸಿಗೆಯಲ್ಲಿ ಎಷ್ಟು ಒದ್ದಾಡುತ್ತೇವೆ, ಹವಳ ಇಟ್ಟವರನ್ನು ಕೇಳಿ. ಇತ್ತ ಸ್ಕಿಮ್ಮರ್ ತೆಗೆಯಬೇಕಾದ ಕಸವೆಲ್ಲ ನೀರಲ್ಲೇ ಕೊಳೆತು ನೈಟ್ರೇಟ್ ಏರುತ್ತಲೇ ಇತ್ತು.

ಇನ್ನೂ ಒಂದಿದೆ, ಇದು ಎಲ್ಲಕ್ಕಿಂತ ಕೆಟ್ಟದ್ದು. ಬೂದು ಡಬ್ಬ ಬಿಚ್ಚಿದಾಗ ಪಂಪಿನ ವೈರಿನಲ್ಲಿದ್ದ ಹಸಿರು ಅರ್ಥ್ ತಂತಿಯನ್ನು ಕತ್ತರಿಸಿ ಟೇಪ್ ಸುತ್ತಿ ಬಿಟ್ಟಿದ್ದರು. ಉಪ್ಪುನೀರಲ್ಲಿ ಮುಳುಗಿರುವ ಪಂಪು, ದಿನಾ ಕೈ ಹಾಕುವ ಸಂಪು, ಅರ್ಥಿಂಗ್ ಇಲ್ಲ. ಇದನ್ನು ಹೇಳಿದಾಗಲೂ ಬಂದ ಉತ್ತರ: "ಸ್ಟಿಕ್ಕರ್ ಕಿತ್ತಿದ್ದೀರ, ವಾರಂಟಿ ಹೋಯ್ತು. ಬೇಕಾದ್ರೆ ಅರ್ಧ ದುಡ್ಡಿಗೆ ಬೇರೆ ಸಾಮಾನು ತಗೊಳ್ಳಿ."

ಅರ್ಧ ದುಡ್ಡಿಗೆ!

ಕೊಳ್ಳುವವರು ಇಷ್ಟು ಮಾಡಿ. ಪ್ಲೇಟಿನಲ್ಲಿ 220-240 ವೋಲ್ಟ್, 50 ಹರ್ಟ್ಜ್ ಎರಡನ್ನೂ ಕಣ್ಣಾರೆ ಓದಿ, ಮೇಲೆ ಸ್ಟಿಕ್ಕರ್ ಇದ್ದರೆ ಅಂಗಡಿಯಲ್ಲೇ ತೆಗೆಸಿ, ತೆಗೆಯದಿದ್ದರೆ ಎದ್ದು ಬನ್ನಿ. ಡಿಸಿ ಪಂಪಾದರೆ ಅದರ ಅಡಾಪ್ಟರ್ ಮೇಲೆ 100-240 ವೋಲ್ಟ್, 50/60 ಹರ್ಟ್ಜ್ ಅಂತಿದ್ದರೆ ಚಿಂತೆಯಿಲ್ಲ. ಎಸಿ ಪಂಪಿನ ಜೊತೆ ಯಾವ ಡಬ್ಬವೂ ಬೇಕಾಗಿಲ್ಲ, ಕೊಟ್ಟರೆ ಯಾಕೆ ಅಂತ ಕೇಳಿ. ಬಿಲ್ಲಿನಲ್ಲಿ ಮಾಡೆಲ್, ವೋಲ್ಟ್, ಹರ್ಟ್ಜ್ ಬರೆಸಿ. ಟ್ಯಾಂಕಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಈ ವಾರವೇ ಹಾಕಿಸಿ. ಮೋಸ ಆಗಿದ್ದರೆ ಗ್ರಾಹಕ ಸಹಾಯವಾಣಿ 1915, ವಾಟ್ಸಾಪ್ ಮಾತುಕತೆ ಒಂದನ್ನೂ ಅಳಿಸಬೇಡಿ.

ಅವರ ಹತ್ತಿರ ಇಂಥವು ಇನ್ನೂ ಇರಬಹುದು. ಬೂದು ಬಣ್ಣದ ತಗಡಿನ ಡಬ್ಬ, ಪಂಪಿನ ವೈರ್ ನೇರವಾಗಿ ಒಳಕ್ಕೆ ಹೋಗಿರುತ್ತದೆ, ಮಧ್ಯೆ ಪ್ಲಗ್ ಇರುವುದಿಲ್ಲ, ಪಂಪಿನ ಬೆನ್ನ ಮೇಲೆ ಹಳದಿ ವಾರಂಟಿ ಸ್ಟಿಕ್ಕರ್. ಕಂಡರೆ ದುಡ್ಡು ಕೊಡಬೇಡಿ, ಅಡ್ವಾನ್ಸ್ ಕೂಡ ಕೊಡಬೇಡಿ.