ಟಿ ಹಾಕೋದಾ, ಪ್ರಶ್ನೆ ಗುರುತು ಹಾಕೋದಾ?

ಮಂಡ್ಯದಲ್ಲಿ ಕಬ್ಬಿನ ಗಾಡಿಗಳಿಗೇನು ಬರವೇ? ತೂಕದ ಲೆಕ್ಕ ಇಡುವ ಸಣ್ಣ ಜಾವಾ ಪ್ರೋಗ್ರಾಂ ಬರೆದೆ. ಅದರಲ್ಲಿ ಗಾಡಿ ಅನ್ನೋ ಕ್ಲಾಸ್, ಅದರ ಕೆಳಗೆ ಟ್ರ್ಯಾಕ್ಟರ್, ಲಾರಿ, ಎತ್ತಿನಗಾಡಿ. ಗಾಡಿಗಳ ಪಟ್ಟಿ (ಲಿಸ್ಟ್) ತಗೊಂಡು ಒಟ್ಟು ತೂಕ ಕೂಡುವ ಮೆಥಡ್ ಅನ್ನು ಬೇರೆ ಬೇರೆ ರೀತಿ ಬರೆದು ನೋಡಿದೆ. ಪಟ್ಟಿಯಲ್ಲಿ ಯಾವ ಬಗೆಯ ಗಾಡಿ ಇದೆ ಅನ್ನೋದಕ್ಕೆ ಟಿ ಅಂತ ಹೆಸರಿಡೋದಾ, ಹೆಸರಿಲ್ಲದ ಪ್ರಶ್ನೆ ಗುರುತು ಹಾಕೋದಾ ಅನ್ನೋದೇ ಗೊಂದಲ.

ಲಿಸ್ಟ್<ಗಾಡಿ> ನೋಡೋಕೆ ಚೆಂದ, ಬಳಸೋಕೆ ಗೋಳು. ಲಿಸ್ಟ್<ಟ್ರ್ಯಾಕ್ಟರ್> ಕೊಟ್ಟರೆ ಕೋಡ್ ಓಡುವ ಮೊದಲೇ ಅದನ್ನು ಪರೀಕ್ಷಿಸುವ ಕಂಪೈಲರ್ ಒಪ್ಪುವುದಿಲ್ಲ. ಟ್ರ್ಯಾಕ್ಟರ್ ಕೂಡ ಗಾಡಿಯೇ ಅಲ್ವಾ? ಹೌದು. ಆದರೆ ಒಪ್ಪಿಬಿಟ್ಟರೆ ಮೆಥಡ್ ಒಳಗೆ ಕೂತು ಆ ಪಟ್ಟಿಗೆ ಲಾರಿ ತುರುಕಬಹುದು. ಜಾವಾದ ಅರೇಗಳು (ನಿಗದಿತ ಉದ್ದದ ಪಟ್ಟಿಗಳು) ಇದಕ್ಕೆಲ್ಲ ತಲೆಯಾಡಿಸುತ್ತವೆ, ಆಮೇಲೆ ಪ್ರೋಗ್ರಾಂ ಓಡುವಾಗ ಅರೇಸ್ಟೋರ್‌ಎಕ್ಸೆಪ್ಷನ್ ಎಂಬ ಎರರ್ ಎಸೆಯುತ್ತವೆ. 2004ರಲ್ಲಿ ಜಾವಾ 5ರ ಜೊತೆ ಬಂದ ಜೆನೆರಿಕ್ಸ್ (ಪಟ್ಟಿಯೊಳಗೆ ಯಾವ ಬಗೆಯದು ಇರಬೇಕೆಂದು ಕೋನ ಕಂಸದಲ್ಲಿ ಹೇಳುವ ಪದ್ಧತಿ) ಇದನ್ನು ಕಂಪೈಲ್ ಹಂತದಲ್ಲೇ ತಡೆಯುತ್ತದೆ.

ಉಳಿದದ್ದು ಎರಡು ದಾರಿ: <ಟಿ ಎಕ್ಸ್‌ಟೆಂಡ್ಸ್ ಗಾಡಿ> ಅಂತ ಹೆಸರಿಡುವುದು, ಇಲ್ಲವೇ ಲಿಸ್ಟ್<? ಎಕ್ಸ್‌ಟೆಂಡ್ಸ್ ಗಾಡಿ> ಅನ್ನುವುದು. ಎರಡರ ಅರ್ಥವೂ ‘ಗಾಡಿ ಅಥವಾ ಅದರ ಕೆಳಗಿನ ಯಾವುದಾದರೊಂದು ಕ್ಲಾಸ್’. ತೂಕ ಕೂಡಲು ಎರಡೂ ನಡೆಯುತ್ತವೆ. ನನ್ನ ಓಟು ಪ್ರಶ್ನೆ ಗುರುತಿಗೆ. ಟಿ ಒಂದೇ ಕಡೆ ಬರುವುದಾದರೆ ಸುಮ್ನೆ ಅದಕ್ಕೊಂದು ಹೆಸರು ಯಾಕೆ? ಪ್ರಶ್ನೆ ಗುರುತಿನ ಪಟ್ಟಿಗೆ ನಲ್ (ಏನೂ ಇಲ್ಲ ಅನ್ನುವ ಖಾಲಿ ಬೆಲೆ) ಬಿಟ್ಟು ಬೇರೇನೂ ಸೇರಿಸಲು ಆಗುವುದಿಲ್ಲ ನಿಜ, ಆದರೆ ಕೂಡುವ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಎಡವಿದಾಗ, ಪ್ರಶ್ನೆ ಗುರುತಿಗೆ ಕಂಪೈಲರ್ ತಾನೇ ಇಟ್ಟ ಹೆಸರಿನೊಂದಿಗೆ ಬರುವ ‘ಕ್ಯಾಪ್ಚರ್ ಆಫ್’ ಎರರ್ ಮಾತ್ರ ದೇವರಿಗೇ ಪ್ರೀತಿ.

ಅತಿ ಭಾರದ ಗಾಡಿಯನ್ನು ಹುಡುಕಿ ಕೊಡುವ ಮೆಥಡ್ ಬಂದಾಗ ಟಿ ಗೆದ್ದಿತು. ಪ್ರಶ್ನೆ ಗುರುತು ಹಾಕಿದರೆ ವಾಪಸ್ ಸಿಗುವುದು ಬರೀ ಗಾಡಿ. ಅದರ ಟ್ರೈಲರ್ ನಂಬರ್ ಕೇಳಬೇಕೆಂದರೆ ಕ್ಯಾಸ್ಟ್ ಮಾಡಬೇಕು, ಅಂದರೆ ‘ಇದು ಟ್ರ್ಯಾಕ್ಟರ್’ ಅಂತ ಕೋಡ್‌ನಲ್ಲಿ ನಾವೇ ಹೇಳಬೇಕು. ಟಿ ಹಾಕಿದರೆ ಟ್ರ್ಯಾಕ್ಟರ್ ಪಟ್ಟಿ ಕೊಟ್ಟವರಿಗೆ ಟ್ರ್ಯಾಕ್ಟರೇ ಸಿಗುತ್ತದೆ. ಅದರ ಜೊತೆ ಕಂಪ್ಯಾರೇಟರ್<ಟಿ> ಬದಲು ಕಂಪ್ಯಾರೇಟರ್<? ಸೂಪರ್ ಟಿ> ಅಂತ ಬರೆದೆ. ಕಂಪ್ಯಾರೇಟರ್ ಅಂದರೆ ಎರಡನ್ನು ಹೋಲಿಸಿ ಯಾವುದು ದೊಡ್ಡದು ಅಂತ ಹೇಳುವಂಥದ್ದು; ಸೂಪರ್ ಟಿ ಅಂದರೆ ಟಿ ಅಥವಾ ಅದರ ಮೇಲಿನ ಕ್ಲಾಸ್. ಹಾಗಾಗಿ ಗಾಡಿಗಳ ತೂಕ ಹೋಲಿಸಲು ಮೊದಲೇ ಬರೆದಿಟ್ಟ ಕಂಪ್ಯಾರೇಟರ್ ಟ್ರ್ಯಾಕ್ಟರ್ ಪಟ್ಟಿಗೂ ಹೊಂದಿಕೊಂಡಿತು. ಜಾವಾದ್ದೇ ಆದ ಕಲೆಕ್ಷನ್ಸ್ ಕ್ಲಾಸಿನ ಕಾಪಿ ಮೆಥಡ್‌ನಲ್ಲೂ ಇದೇ ಜೋಡಿ: ಓದುವ ಪಟ್ಟಿಗೆ ಎಕ್ಸ್‌ಟೆಂಡ್ಸ್, ತುಂಬುವ ಪಟ್ಟಿಗೆ ಸೂಪರ್.

ಕಾಟ್ಲಿನ್ ಅನ್ನೋ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಲೆನೋವು ಕಮ್ಮಿ. ಅಲ್ಲಿ ಲಿಸ್ಟ್‌ನ ಡಿಕ್ಲರೇಷನ್‌ನಲ್ಲೇ ಔಟ್ (ಜಾವಾದ ‘? ಎಕ್ಸ್‌ಟೆಂಡ್ಸ್’ ಕೆಲಸ ಮಾಡುವ ಪದ) ಇದೆ, ಹಾಗಾಗಿ ಲಿಸ್ಟ್<ಗಾಡಿ> ಅಂತ ಬರೆದರೂ ಟ್ರ್ಯಾಕ್ಟರ್ ಪಟ್ಟಿ ಒಳಗೆ ಹೋಗುತ್ತದೆ. ಮ್ಯೂಟಬಲ್‌ಲಿಸ್ಟ್ (ಬದಲಾಯಿಸಬಹುದಾದ ಪಟ್ಟಿ) ಆದರೆ ಔಟ್ ಅನ್ನು ನಾವೇ ಬರೆಯಬೇಕು.

ರಿಟರ್ನ್ ಟೈಪ್‌ನಲ್ಲಿ ಮಾತ್ರ ಪ್ರಶ್ನೆ ಗುರುತು ಬೇಡವೇ ಬೇಡ. ನಿಮ್ಮ ಮೆಥಡ್ ಕರೆಯುವವರೆಲ್ಲ ಅದನ್ನು ತಮ್ಮ ಕೋಡ್‌ನಲ್ಲೂ ಹೊತ್ತು ತಿರುಗಬೇಕಾಗುತ್ತದೆ.