ಸ್ಟೋರಿವೀವರ್: ಕನ್ನಡ ಕಥೆಗೆ ಅಂತ ತೆಗೆದದ್ದು, ಮಗಳು ಮಲಯಾಳಂ ಓದ್ಲಿಕ್ಕೆ ಕಲ್ತಳು

ಸ್ಟೋರಿವೀವರ್ ಅಂದ್ರೆ ಎಂತ ಅಂತ ಹೆಚ್ಚಿನವರಿಗೆ ಗೊತ್ತುಂಟು, ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ವೆಬ್‌ಸೈಟ್, ಮಕ್ಕಳ ಕಥೆ ಪುಸ್ತಕ ದುಡ್ಡಿಲ್ಲದೆ ಓದ್ಲಿಕ್ಕೆ ಸಿಗ್ತದೆ. ಅದನ್ನೆಲ್ಲ ಪುನಃ ವಿವರಿಸ್ಲಿಕ್ಕೆ ಹೋಗುದಿಲ್ಲ. ವರ್ಷ ದಾಟಿತು ನಾವು ಬಳಸ್ಲಿಕ್ಕೆ ಶುರು ಮಾಡಿ, ಅದ್ರಲ್ಲಿ ನನಗೆ ಬಹಳ ಖುಷಿ ಕೊಟ್ಟ ಒಂದು ವಿಷಯ ಉಂಟು, ಅದನ್ನು ಹೇಳ್ಬೇಕು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕ ಹತ್ತಿರ. ಮಗಳು ಕನ್ನಡ ಮೀಡಿಯಂ. ಮಲಯಾಳಂ ಮಾತಾಡ್ಲಿಕ್ಕೆ ಅವಳಿಗೆ ಕಷ್ಟ ಇಲ್ಲ, ಬಸ್ಸಿನಲ್ಲಿ ಅಂಗಡಿಯಲ್ಲಿ ಕೇಳಿ ಕೇಳಿ ಬಂದಿದೆ, ಆದ್ರೆ ಓದು ಅಂದ್ರೆ ಪುಸ್ತಕ ಮುಚ್ಚಿಡುದು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯದ ಕಾನೂನು ಬಂದಾಗ ಕಾಸರಗೋಡಿನಲ್ಲಿ ಕನ್ನಡದವರು ಬೀದಿಗೆ ಇಳಿದದ್ದು ನೆನಪಿರಬಹುದು, ಕನ್ನಡ ಶಾಲೆ ಉಳೀಬೇಕು ಅನ್ನುವುದ್ರಲ್ಲಿ ನಾನು ಇವತ್ತಿಗೂ ಗಟ್ಟಿ. ಆದ್ರೆ ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ, ಆಫೀಸಿನ ಫಾರಂ ಇದನ್ನೆಲ್ಲ ಇನ್ನೊಬ್ಬರ ಕೈಗೆ ಕೊಟ್ಟು ಓದಿಸಿಕೊಳ್ಳುವ ಸ್ಥಿತಿ ಮಕ್ಕಳಿಗೆ ಬರಬಾರದು, ಇದೂ ಅಷ್ಟೇ ಮುಖ್ಯ.

ಸ್ಟೋರಿವೀವರಲ್ಲಿ ಒಂದು ಕಥೆ ತೆಗೆದ್ರೆ ಅದೇ ಕಥೆ ಬೇರೆ ಯಾವ ಯಾವ ಭಾಷೆಯಲ್ಲಿ ಉಂಟು ಅಂತ ಅಲ್ಲೇ ಕಾಣ್ತದೆ. ಇದು ನಮ್ಮ ಗಡಿಯವರಿಗೆ ಎಷ್ಟು ದೊಡ್ಡ ಉಪಕಾರ ಅಂತ ಬಳಸಿದ ಮೇಲೇ ಗೊತ್ತಾದದ್ದು. ಸಂಜೆ ದೀಪ ಹಚ್ಚಿ ಆದ ಮೇಲೆ ಜಗಲಿಯಲ್ಲಿ ಅತ್ತೆ ನನ್ನ ಫೋನ್ ಹಿಡ್ಕೊಂಡು ಕೂತ್ಕೊಳ್ತಾರೆ, ಅದ್ರಲ್ಲಿ ಕನ್ನಡ ಕಥೆ. ಮಗಳ ಕೈಯಲ್ಲಿ ಹಳೇ ಟ್ಯಾಬ್, ಅದ್ರಲ್ಲಿ ಅದೇ ಕಥೆ ಮಲಯಾಳಂನಲ್ಲಿ. ಚಿತ್ರ ಎರಡರಲ್ಲೂ ಒಂದೇ. ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದು ಪುಟ ಗಟ್ಟಿಯಾಗಿ ಓದ್ತಾರೆ, ಆಮೇಲೆ "ಈಗ ನಿಂದರಲ್ಲಿ ಎಂತ ಬರ್ದಿದೆ ಹೇಳು ಮಗಾ" ಅಂತಾರೆ. ಅರ್ಥ ಮೊದಲೇ ಗೊತ್ತಿರುದ್ರಿಂದ ಅವಳಿಗೆ ಹೆದರಿಕೆ ಇಲ್ಲ, ಅಕ್ಷರ ಬಿಡಿಸಿಕೊಂಡು ಹೋದ್ರೆ ಆಯ್ತು. ತಪ್ಪಿದ್ರೆ ಅತ್ತೆಗೆ ಗೊತ್ತಾಗುದಿಲ್ಲ, ಅವರಿಗೆ ಮಲಯಾಳಂ ಅಕ್ಷರ ಬರುದಿಲ್ಲ, ಆದ್ರೆ ವಾಕ್ಯ ಚಿತ್ರಕ್ಕೆ ಹೊಂದದಿದ್ರೆ ಅವಳೇ "ಅಜ್ಜಿ, ಒಂದು ನಿಮಿಷ ನಿಲ್ಲಿ" ಅಂತ ಹೇಳಿ ಹಿಂದೆ ಹೋಗಿ ಪುನಃ ಓದ್ತಾಳೆ. ಯಾರೂ ತಿದ್ದದೆ ತಾನೇ ತಿದ್ದಿಕೊಳ್ಳುದು, ಅದನ್ನು ನೋಡುವಾಗ ನನಗೆ ಆಗುವ ಸಂತೋಷ ಹೇಳಿ ಮುಗೀಲಿಕ್ಕಿಲ್ಲ.

ಇದಕ್ಕಿಂತ ಮೊದಲು ದುಡ್ಡು ಕೊಟ್ಟು ಒಂದು ಲರ್ನಿಂಗ್ ಆಪ್ ತೆಗೊಂಡಿದ್ದೆವು, ಹೆಸರು ಬೇಡ. ಅದ್ರಲ್ಲಿ ಕನ್ನಡವೇ ಇರಲಿಲ್ಲ. ಕಥೆಯನ್ನು ಅದೇ ಓದಿ ಹೇಳ್ತಿತ್ತು, ಶಬ್ದದ ಮೇಲೆ ಬಣ್ಣ ಓಡ್ತಿತ್ತು, ಕೊನೆಗೆ ಮಗುವಿಗೆ ನಕ್ಷತ್ರ. ಮಗಳು ಪೂರ್ತಿ ಕಥೆ ಬಾಯಿಪಾಠ ಹೇಳ್ತಿದ್ದಳು, ಸೌಂಡ್ ಬಂದ್ ಮಾಡಿ ಅದೇ ಪುಟ ತೋರಿಸಿದ್ರೆ ಒಂದು ಶಬ್ದ ಓದ್ಲಿಕ್ಕೆ ಬರ್ತಿರಲಿಲ್ಲ. ಮತ್ತೆ ದಿನಾ ಸಂಜೆ ಆಯ್ತು ಅಂದ್ರೆ ಫೋನ್, ಮೇಲಿನ ಪ್ಯಾಕೇಜ್ ತೆಗೊಳ್ಳಿ ಮೇಡಂ ಅಂತ. ಅಡಿಕೆ ಮಾರಿದ ದುಡ್ಡಿನಲ್ಲಿ ಮನೆ ನಡೆಸುವವರಿಗೆ ಅದು ಸಣ್ಣ ಮೊತ್ತ ಅಲ್ಲ. ಕೇಳಿಸಿಕೊಳ್ಳುದು ಬೇರೆ, ಓದುದು ಬೇರೆ. ಮಕ್ಕಳ ಓದಿಗೆ ಅಂತ ಆಪ್ ಮಾರುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು, ಅದು ಗೊತ್ತಿಲ್ಲದಿದ್ರೆ ಓದು ಅಂತ ಹೆಸರು ಹಾಕಿ ಮಾರಬಾರದು.

ಇನ್ನೊಂದು ತೊಂದರೆ ಲಿಪಿಯದ್ದು, ಇದಕ್ಕೆ ಯಾವ ವೆಬ್‌ಸೈಟನ್ನೂ ದೂರ್ಲಿಕ್ಕೆ ಆಗುದಿಲ್ಲ. ಮಲಯಾಳಂ ಲಿಪಿಯನ್ನು 1971ರಲ್ಲಿ ಪ್ರೆಸ್ಸಿಗೆ, ಟೈಪ್‌ರೈಟರಿಗೆ ಸುಲಭ ಆಗ್ಲಿ ಅಂತ ಸರಳ ಮಾಡಿದ್ರು, ಅಲ್ಲಿವರೆಗೆ ಅಕ್ಷರಕ್ಕೆ ಅಂಟಿಕೊಂಡಿದ್ದ 'ಉ' ಚಿಹ್ನೆಯನ್ನು ಬಿಡಿಸಿ ಪಕ್ಕದಲ್ಲಿ ಇಟ್ರು. ಮಗಳ ಶಾಲೆ ಪುಸ್ತಕದಲ್ಲಿ ಹಾಗೆ ಬಿಡಿಸಿಯೇ ಉಂಟು. ನನ್ನ ಫೋನಿನ ಫಾಂಟ್ ಹಳೇ ಲಿಪಿಯದ್ದು, ಅದ್ರಲ್ಲಿ ಕು, ತು, ನು ಮೂರೂ ಬೇರೆ ಬೇರೆ ಆಕಾರ, ಕೊಕ್ಕೆ ಅಕ್ಷರದ ಒಳಗೇ ಸೇರಿಹೋಗಿರ್ತದೆ. ಶಾಲೆಯಲ್ಲಿ ಸರಿಯಾಗಿ ಗುರುತಿಸಿದ ಅಕ್ಷರವನ್ನೇ ಫೋನಲ್ಲಿ ನೋಡಿ "ಇದು ಯಾವುದು" ಅಂತ ಕೇಳ್ತಾಳೆ, ಪಾಪ. ಜೊತೆಗೆ ಶಬ್ದದ ಕೊನೆಗೆ ಬರುವ ಚಿಲ್ಲು ಅಕ್ಷರಗಳು, ನ್, ಲ್, ರ್ ಎಲ್ಲದಕ್ಕೂ ಬಾಲ ಮೇಲೆತ್ತಿದ ಹಾಗೆ ಬೇರೆಯೇ ರೂಪ, ಕನ್ನಡದಲ್ಲಿ ಇಂಥದ್ದು ಇಲ್ಲ. ಇದಕ್ಕೆ ಒಂದು ಕಾಗದದಲ್ಲಿ ಹಳೇದು ಹೊಸತು ಎರಡೂ ರೂಪ ಅಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿದೆ, ಈಗ ಅದನ್ನು ನೋಡುದು ಕಮ್ಮಿ ಆಗಿದೆ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ ರೇಂಜೂ ಇಲ್ಲ. 2020ರ ಜೂನಿನಲ್ಲಿ, ಕೊರೋನಾಕ್ಕೆ ಶಾಲೆ ಮುಚ್ಚಿದ್ದಾಗ, ಕೇರಳ ಸರ್ಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸಿನ ಫಸ್ಟ್ ಬೆಲ್ ಆನ್‌ಲೈನ್ ಕ್ಲಾಸ್ ಶುರು ಆದಾಗ ದೊಡ್ಡ ಮಗ ರೇಂಜಿಗಾಗಿ ಕೊಡೆ ಹಿಡ್ಕೊಂಡು ಗುಡ್ಡದ ಮೇಲೆ ಹೋಗಿ ಕೂರ್ತಿದ್ದ, ಅದಕ್ಕೇ ನನಗೆ ನೆಟ್ ಇಲ್ಲದೆ ನಡೆಯುವ ಯಾವುದಾದ್ರೂ ಬಹಳ ದೊಡ್ಡದು ಅನಿಸ್ತದೆ. ಸ್ಟೋರಿವೀವರಲ್ಲಿ ಕಥೆಗಳಿಗೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇರುದ್ರಿಂದ, ಬರೆದವರ ಹೆಸರು ಬಿಡದೆ ಪಿಡಿಎಫ್ ಇಳಿಸಿ ಪ್ರಿಂಟ್ ತೆಗೆದ್ರೂ, ಇನ್ನೊಬ್ಬರಿಗೆ ಹಂಚಿದ್ರೂ ಯಾರೂ ಕೇಳುವ ಹಾಗಿಲ್ಲ. ಪೇಟೆಗೆ ಹೋದಾಗ ಕಪ್ಪುಬಿಳುಪಲ್ಲಿ ಪ್ರಿಂಟ್ ತೆಗೆಸ್ತೇನೆ, ಎಡಬದಿಗೆ ಕನ್ನಡದ ಪುಟ, ಬಲಬದಿಗೆ ಮಲಯಾಳಂ ಪುಟ ಬರುವ ಹಾಗೆ ಜೋಡಿಸಿ ನಡುವೆ ದಪ್ಪ ನೂಲಿನಲ್ಲಿ ಹೊಲಿದ್ರೆ ಪುಸ್ತಕ ತಯಾರು. ಚಿತ್ರಕ್ಕೆ ಬಣ್ಣ ಮಗಳೇ ಹಚ್ತಾಳೆ. ಅವಳ ಕ್ಲಾಸಿನ ಮಕ್ಕಳು ಕೇಳಿ ಮನೆಗೆ ತೆಗೊಂಡು ಹೋಗ್ಲಿಕ್ಕೆ ಶುರು ಮಾಡಿದ್ದಾರೆ, ಎರಡು ಪುಸ್ತಕ ವಾಪಸ್ ಬರಲಿಲ್ಲ, ಬರದಿದ್ರೂ ಬೇಸರ ಇಲ್ಲ, ಯಾರದ್ದೋ ಮನೆಯಲ್ಲಿ ಓದ್ತಾ ಇರಬಹುದು.

ಹೊಸಬರಿಗೆ ಒಂದು ಮಾತು. ಸ್ಟೋರಿವೀವರಲ್ಲಿ ಯಾರು ಬೇಕಾದ್ರೂ ಅನುವಾದ ಮಾಡಿ ಹಾಕ್ಬಹುದು, ಹಾಗಾಗಿ ಮಕ್ಕಳಿಗೆ ಕೊಡುವ ಮೊದಲು ದೊಡ್ಡವರು ಒಮ್ಮೆ ಓದಿ ನೋಡಿ. ಕಥೆಗಳಲ್ಲಿ ಓದಿನ ಹಂತ ನಾಲ್ಕು ಉಂಟು, ನಿಮ್ಮ ಮಗು ಎಷ್ಟನೇ ಕ್ಲಾಸ್ ಆದ್ರೂ ಮಲಯಾಳಂಗೆ ಒಂದನೇ ಹಂತದಿಂದಲೇ ಹಿಡೀರಿ. ಮಗಳು ಈಗ ಎರಡನೇ ಹಂತದ್ದು ನಿಧಾನಕ್ಕೆ ಓದ್ತಾಳೆ, ಮೂರಕ್ಕೆ ಇನ್ನೂ ಸಮಯ ಬೇಕು. ಫೋನಲ್ಲಿ ಮಲಯಾಳಂ ಫಾಂಟನ್ನು ಹೊಸ ಲಿಪಿಗೆ ಬದಲಾಯಿಸುವ ಸುಲಭದ ದಾರಿ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ತಿಳಿಸಿ, ನಮ್ಮ ಹಾಗೆ ಕನ್ನಡ ಮೀಡಿಯಂ ಮಕ್ಕಳಿರುವ ತುಂಬಾ ಮನೆಗಳಿಗೆ ಉಪಯೋಗ ಆಗ್ತದೆ.