ಚೂರು ಬಟ್ಟೆಗೆ ಕೈ ಕೌದಿನಾ, ಮಷಿನ್ ಪ್ಯಾಚ್‌ವರ್ಕಾ?

ಮುಂಬೈ ಹತ್ರದ ಡೊಂಬಿವಲಿಯ ನಮ್ಮನೆ ಕಪಾಟಲ್ಲಿ ಬ್ಲೌಸ್ ಪೀಸ್ ಚೂರು, ಹಳೇ ಕಾಟನ್ ಸೀರೆ ತುಂಡು ಗಂಟುಗಟ್ಲೆ ಇದೆ, ಬಿಸಾಕೋಕೆ ಮನಸಿಲ್ಲ. ಅದರಲ್ಲಿ ಕೈಯಲ್ಲೇ ಕೌದಿ (ಹಳೇ ಬಟ್ಟೆ ಪದರ ಸೇರಿಸಿ ಹೊಲಿಯೋ ಹೊದಿಕೆ) ಹೊಲಿಯೋದಾ, ಮಷಿನಲ್ಲಿ ಚೂರು ಜೋಡಿಸಿ ಪ್ಯಾಚ್‌ವರ್ಕ್ ಮಾಡೋದಾ? ನಿಮ್ಮದೂ ಇದೇ ಕಥೆ ಆದ್ರೆ ಓದಿ.

ಮಷಿನ್ ಬೇಗ ಅಂತಾರೆ. ಹೊಲಿಯೋದೇನೋ ಬೇಗ, ಆದ್ರೆ ಮೊದ್ಲು ಅಳತೆಗೆ ಕಟ್ ಮಾಡು, ಜೋಡಿಸು, ಇಸ್ತ್ರಿ ಹಾಕು, ಮತ್ತೆ ಜೋಡಿಸು, ಅದರ ಮೇಲೆ ಪ್ರತಿ ಅಂಚಿಗೂ ಕಾಲಿಂಚು ಹೊಲಿಗೆ ಒಳಗೆ ಹೋಗುತ್ತೆ, ಅಂದ್ರೆ 2.5 ಇಂಚಿನ ಚೌಕ ಕೊನೆಗೆ 2 ಇಂಚೇ, 1 ಇಂಚಿನ ಚೂರಾದ್ರೆ ಅರ್ಧಕ್ಕೆ ಇಳಿಯುತ್ತೆ! ನೀಟಾಗಿ ಕಾಣ್ಬೇಕು, ಗಿಫ್ಟ್ ಕೊಡ್ಬೇಕು ಅಂದ್ರೆ ಮಷಿನ್ನೇ ಸರಿ.

ಕೌದಿಗೆ ಅಳತೆಯ ಹಂಗಿಲ್ಲ. ಹಳೇ ಸೀರೆ ಹಾಸಿ, ಮೇಲೆ ಚೂರಿಟ್ಟು, ಅಂಚು ಮಡಚಿ, ಸೀರೆ ಸಮೇತ ಓಟ ಹೊಲಿಗೆ (ರನ್ನಿಂಗ್ ಸ್ಟಿಚ್) ಹಾಕ್ತಾ ಹೋಗೋದು, ಜೋಡಿಸೋದೂ ಅದೇ, ಗಟ್ಟಿ ಮಾಡೋದೂ ಅದೇ. ಉತ್ತರ ಕನ್ನಡದ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರು ಅಂಚಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ. ಪಕ್ಕದ್ಮನೆ ಮರಾಠಿ ಆಜಿ ನನ್ನದನ್ನ ನೋಡಿ, ಅಯ್ಯೋ ಇದು ನಮ್ಮ ಗೋಧಡಿ ಅಲ್ವಾ ಅಂದ್ರು. ಆದ್ರೆ ತಿಂಗಳುಗಟ್ಲೆ ಕೂರ್ಬೇಕು, ಬೆರಳು ನೋಯುತ್ತೆ.

ಒಂದು ಮಾತು, ಮುಂಬೈ ಮಳೇಲಿ ದಪ್ಪ ಕೌದಿ ಒಗೆದ್ರೆ ಒಣಗಲ್ಲ, ಎರಡು ಪದರ ಸಾಕು. ಹೊಸ ಕಾಟನ್ ಆದ್ರೆ, ಕೌದಿಗಾಗ್ಲಿ ಪ್ಯಾಚ್‌ವರ್ಕಿಗಾಗ್ಲಿ, ಮೊದ್ಲೇ ಒಗೀರಿ, ಇಲ್ದಿದ್ರೆ ಆಮೇಲೆ ಕುಗ್ಗಿ ಸುಕ್ಕಾಗುತ್ತೆ. ಲೋಕಲ್ ಟ್ರೇನಲ್ಲಿ ಸೀಟು ಸಿಗೋರಾದ್ರೆ ಕೌದಿ ತುಂಡು ಬ್ಯಾಗಲ್ಲಿ ಇಟ್ಕೊಳ್ಳಿ, ನಾನಂತೂ ಅದೇ ಮಾಡ್ತಿದೀನಿ.